ಉದ್ದನೆಯ ಇಂಗ್ಲಿಷ್ ಪದವನ್ನು ಬಾಲದಿಂದ ಬಿಡಿಸಿ ಓದುವ ಬಗೆ

ಅಪ್ಪನ ಆಸ್ಪತ್ರೆಯ ಕಾಗದದಲ್ಲಿ ಒಂದು ಪದವಿತ್ತು: ಕೋಲಿಸಿಸ್ಟೆಕ್ಟಮಿ. ಅಮ್ಮ ಅದನ್ನು ಎರಡು ಸಲ ಓದಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. ಕಾಗದವನ್ನು ಮಡಿಚಿ, "ಇದೇನೋ ದೊಡ್ಡ ಕಾಯಿಲೆಯೇ ಇರಬೇಕು" ಎಂದು ಮಂಚದ ತುದಿಯಲ್ಲಿ ಕುಳಿತುಬಿಟ್ಟಳು. ನಾನು ಪೆನ್ಸಿಲ್ ತೆಗೆದುಕೊಂಡು ಆ ಪದದ ಮೇಲೆ ಮೂರು ಅಡ್ಡಗೆರೆ ಎಳೆದೆ. ಕೋಲಿ ಎಂದರೆ ಪಿತ್ತ, ಸಿಸ್ಟ್ ಎಂದರೆ ಚೀಲ, ಎಕ್ ಎಂದರೆ ಹೊರಗೆ, ಟಮಿ ಎಂದರೆ ಕತ್ತರಿಸುವುದು. ಪಿತ್ತಕೋಶವನ್ನು ಕತ್ತರಿಸಿ ಹೊರತೆಗೆಯುವುದು. ಡಾಕ್ಟರು ಬೆಳಿಗ್ಗೆ ಬಾಯಿಮಾತಿನಲ್ಲಿ ಹೇಳಿದ್ದೂ ಇದನ್ನೇ. ಅಮ್ಮ ಕಾಗದವನ್ನು ಮತ್ತೆ ಬಿಡಿಸಿ, ನಾನು ಎಳೆದ ಗೆರೆಗಳ ಮೇಲೆ ಬೆರಳಿಟ್ಟು, ತುಂಡು ತುಂಡಾಗಿ ಪೂರ್ತಿ ಓದಿದಳು.

ಕರಾರುಪತ್ರ, ಔಷಧಿಯ ಜೊತೆ ಬರುವ ಮಾಹಿತಿ ಹಾಳೆ, ಯಂತ್ರಗಳ ಕೈಪಿಡಿ ಇಂಥವನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಇಪ್ಪತ್ತು ವರ್ಷಗಳಿಂದ ಉದ್ದನೆಯ ಇಂಗ್ಲಿಷ್ ಪದಗಳ ನಡುವೆಯೇ ಬದುಕಿದ್ದೇನೆ. ಅವುಗಳ ಪಟ್ಟಿಯನ್ನು ಬಾಯಿಪಾಠ ಮಾಡುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕನ್ನಡದಲ್ಲಿ ಓದಿ ಬೆಳೆದವರಿಗೆ ಇವುಗಳನ್ನು ಬಿಡಿಸುವ ವಿದ್ಯೆ ಆಗಲೇ ಬಂದಿರುತ್ತದೆ. "ಬರಬೇಕಾಗಿದ್ದವರೆಲ್ಲರಿಗೂ" ಎಂಬುದನ್ನು ನೋಡಿ. ಬರು, ಬೇಕು, ಆಗು, ಇರು, ಅವರು, ಎಲ್ಲರು, ಚತುರ್ಥಿ ವಿಭಕ್ತಿ, ಊ. ಎಂಟು ತುಂಡುಗಳು ಒಂದೇ ಉಸಿರಿನಲ್ಲಿವೆ, ಆದರೂ ಯಾರೂ ತಡವರಿಸುವುದಿಲ್ಲ. ಶಾಲೆಯಲ್ಲಿ ಸಂಧಿ ಬಿಡಿಸಿದ್ದೇವೆ, ಸಮಾಸದ ವಿಗ್ರಹವಾಕ್ಯ ಬರೆದಿದ್ದೇವೆ. ಆ ಪಾಠವನ್ನೇ ಇಂಗ್ಲಿಷ್ ಪದದ ಮೇಲೆ ಪ್ರಯೋಗಿಸಬೇಕು.

ಮೊದಲ ಕೆಲಸ, ಪದವನ್ನು ಮುಂದಿನಿಂದ ಓದುವ ಆತುರ ಬಿಟ್ಟು ಬಾಲವನ್ನು ಹಿಡಿಯುವುದು. ಆ ಪದ ವಸ್ತುವೋ, ಗುಣವೋ, ಕೆಲಸವೋ ಎಂಬುದನ್ನು ಬಾಲವೇ ಹೇಳುತ್ತದೆ. ನಮ್ಮ ಪ್ರತ್ಯಯಗಳಿಗೆ ಇರುವ ಕೆಲಸವೇ ಇವಕ್ಕೂ ಇದೆ. ನೆಸ್ ಎಂದರೆ ನಮ್ಮ ತನ. ಲೆಸ್ ಎಂದರೆ ರಹಿತ. ಇಸಂ ಎಂದರೆ ವಾದ, ಇಸ್ಟ್ ಎಂದರೆ ವಾದಿ. ಲಜಿ ಎಂದರೆ ಶಾಸ್ತ್ರ. ಏಬಲ್ ಬಂದರೆ "ಬಹುದಾದ". ಐಟಿಸ್ ಬಂದರೆ ಉರಿಯೂತ. ಫಿಕೇಶನ್ ಬಂದರೆ ಕರಣ: ಸಿಂಪ್ಲಿಫಿಕೇಶನ್ ಸರಳೀಕರಣ, ಪ್ಯೂರಿಫಿಕೇಶನ್ ಶುದ್ಧೀಕರಣ. ಇಂಥ ಮೂವತ್ತು ಬಾಲಗಳು ಪರಿಚಯವಾದರೆ ದಿನಬಳಕೆಯ ಬಹುಪಾಲು ಉದ್ದನೆಯ ಪದಗಳು ಅರ್ಧ ತೆರೆದುಕೊಳ್ಳುತ್ತವೆ.

ಈ ಬಾಲವೊಂದನ್ನೇ ಹಿಡಿದು 29 ಅಕ್ಷರಗಳ ಒಂದು ಪದವನ್ನು ನೋಡೋಣ: ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್. 1741ರಲ್ಲಿ ವಿಲಿಯಂ ಶೆನ್‌ಸ್ಟೋನ್ ಎಂಬ ಇಂಗ್ಲಿಷ್ ಕವಿ ಒಂದು ಪತ್ರದಲ್ಲಿ ಇದನ್ನು ಬಳಸಿದ್ದಾನೆ. ಬಾಲದಲ್ಲಿರುವುದು ಫಿಕೇಶನ್, ಅಂದರೆ ಕರಣ, ಏನನ್ನೋ ಏನನ್ನಾಗಿಯೋ ಮಾಡುವುದು. ಉಳಿದ ನಾಲ್ಕೂ ತುಂಡುಗಳು ಲ್ಯಾಟಿನ್. ಫ್ಲೊಕ್ಕಸ್ ಎಂದರೆ ಉಣ್ಣೆಯ ಎಳೆ, ನೌಕಂ ಎಂದರೆ ಅಲ್ಪ ವಸ್ತು, ನಿಹಿಲ್ ಎಂದರೆ ಏನೂ ಇಲ್ಲ, ಪಿಲಸ್ ಎಂದರೆ ಒಂದು ಕೂದಲು. ಎಲ್ಲವೂ ಕಿಮ್ಮತ್ತಿಲ್ಲದವು. ಒಂದು ವಿಷಯವನ್ನು ಎಳೆಗೆ, ಕೂದಲಿಗೆ ಸಮನಾಗಿ ಎಣಿಸುವುದು ಎಂದು ಅರ್ಥ. ನನ್ನ ಕೈಗೆ ಈ ಪದ ಮೊದಲು ಸಿಕ್ಕ ದಿನ ಇದಕ್ಕೆ ಕನ್ನಡದಲ್ಲಿ ಏನು ಹೇಳಲಿ ಎಂದು ಬಹಳ ಹೊತ್ತು ಕುಳಿತಿದ್ದೆ. ಉತ್ತರ ನಮ್ಮಲ್ಲೇ ಇತ್ತು. ತೃಣೀಕರಣ. ತೃಣ ಎಂದರೆ ಹುಲ್ಲು. ಯಾವುದನ್ನಾದರೂ ಹುಲ್ಲಿಗೆ ಸಮನಾಗಿ ಕಾಣುವುದೇ ತೃಣೀಕರಿಸುವುದು. ಅವರು ಉಣ್ಣೆಯ ಎಳೆಯನ್ನು ಹಿಡಿದರು, ನಾವು ಹುಲ್ಲಿನ ಎಸಳನ್ನು ಹಿಡಿದೆವು, ಬಾಲ ಎರಡರಲ್ಲೂ ಒಂದೇ. ಆ ಸಂಜೆಯ ಸಂತೋಷ ನನಗೆ ಇನ್ನೂ ನೆನಪಿದೆ.

ಬಾಲದ ನಂತರ ತಲೆ. ಇಲ್ಲಿ ಕನ್ನಡಿಗರಿಗೆ ದೊಡ್ಡ ಅನುಕೂಲವಿದೆ, ಆದರೆ ಅದನ್ನು ಯಾರೂ ಪಾಠವಾಗಿ ಹೇಳಿಕೊಡುವುದಿಲ್ಲ. ಗ್ರೀಕ್, ಲ್ಯಾಟಿನ್, ಸಂಸ್ಕೃತ ಮೂರೂ ಒಂದೇ ಮೂಲದಿಂದ ಹುಟ್ಟಿರಬೇಕು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದ. ಮುಂದೆ ಭಾಷಾಶಾಸ್ತ್ರಜ್ಞರು ಅದನ್ನು ನಿಯಮಬದ್ಧವಾಗಿ ತೋರಿಸಿಕೊಟ್ಟರು. ಕನ್ನಡ ಆ ಕುಟುಂಬದ್ದಲ್ಲದಿದ್ದರೂ ಸಂಸ್ಕೃತದ ಉಪಸರ್ಗಗಳು ನಮ್ಮ ಬಾಯಲ್ಲಿ ದಿನವೂ ಓಡಾಡುತ್ತಿವೆ. ಆದ್ದರಿಂದ ಗ್ರೀಕ್ ತಲೆಗಳನ್ನು ಹೊಸದಾಗಿ ಕಲಿಯುವ ಬದಲು ಗುರುತು ಹಿಡಿದರೆ ಸಾಕು.

ಹೈಪರ್ ಮತ್ತು ಉಪರಿ ಒಂದೇ ಬೇರಿನವು: ಮೇಲೆ, ಹೆಚ್ಚು. ಹೈಪೋ ಮತ್ತು ಉಪ ಒಂದೇ ಬೇರಿನವು: ಕೆಳಗೆ, ಕಡಿಮೆ. ಹೈಪರ್‌ಗ್ಲೈಸೀಮಿಯ, ಹೈಪೋಗ್ಲೈಸೀಮಿಯ ಎಂಬ ಜೋಡಿಯಲ್ಲಿ ಗ್ಲೈಸ್ ಎಂದರೆ ಸಿಹಿ, ಈಮಿಯ ಎಂದರೆ ರಕ್ತಕ್ಕೆ ಸಂಬಂಧಿಸಿದ ಸ್ಥಿತಿ. ಒಂದರಲ್ಲಿ ರಕ್ತದ ಸಕ್ಕರೆ ಏರಿದೆ, ಇನ್ನೊಂದರಲ್ಲಿ ಇಳಿದಿದೆ. ಉಪಚಾರ ಒಂದಕ್ಕೊಂದು ತದ್ವಿರುದ್ಧ. ಎರಡೂ ಕಿವಿಗೆ ಹೆಚ್ಚುಕಡಿಮೆ ಒಂದೇ ರೀತಿ ಕೇಳುವುದರಿಂದ ಇವುಗಳನ್ನು ಅದಲುಬದಲು ಮಾಡುವವರು ಅನೇಕರು. ಉಪರಿ, ಉಪ ಎಂದು ಮನಸ್ಸಿನಲ್ಲಿ ಒಮ್ಮೆ ಅಂದುಕೊಳ್ಳಿ. ನನಗೆ ಆಮೇಲೆ ಎಂದೂ ತಪ್ಪಿಲ್ಲ.

ಪೆರಿ ನಮ್ಮ ಪರಿ. ಪೆರಿಮೀಟರ್ ಸುತ್ತಳತೆ, ಪರಿಧಿ ಸುತ್ತುಗೆರೆ. ಡಿಸ್ ಎಂದು ಉಚ್ಚರಿಸಿದರೂ ವೈ ಅಕ್ಷರದೊಂದಿಗೆ ಬರೆಯುವ ಗ್ರೀಕ್ ತಲೆ ನಮ್ಮ ದುಸ್: ಡಿಸ್‌ಪೆಪ್ಸಿಯ ಎಂದರೆ ಕೆಟ್ಟ ಪಚನ. ಇಂಟರ್ ನಮ್ಮ ಅಂತರ್. ಯೂ ಎಂಬುದು ಸು, ಆದ್ದರಿಂದ ಯೂಫನಿ ಎಂದರೆ ಸುಸ್ವರ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇಲ್ಲ ಎನ್ನುವ ಅ. ಸಂಸ್ಕೃತದಲ್ಲಿ ವ್ಯಂಜನದ ಮುಂದೆ ಅ, ಸ್ವರದ ಮುಂದೆ ಅನ್: ಅಜ್ಞಾನ, ಅನಂತ. ಗ್ರೀಕ್‌ನಲ್ಲೂ ಇದೇ ನಿಯಮ. ಅನಾರ್ಕಿ ಎಂದರೆ ಆಳುವವನಿಲ್ಲದ ಸ್ಥಿತಿ, ನಮ್ಮ ಅರಾಜಕತೆ. 1869ರಲ್ಲಿ ಥಾಮಸ್ ಹಕ್ಸ್‌ಲಿ ಅಗ್ನಾಸ್ಟಿಕ್ (ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವನು) ಎಂಬ ಪದವನ್ನು ಟಂಕಿಸಿದಾಗ ಬಳಸಿದ್ದು ಅ ಮತ್ತು ಗ್ನೋ. ಆ ಗ್ನೋ ನಮ್ಮ ಜ್ಞಾ ಧಾತುವಿನ ಒಡಹುಟ್ಟು. ಅಜ್ಞ ಎಂಬ ಪದ ನೂರಾರು ವರ್ಷಗಳಿಂದ ನಮ್ಮ ಬಳಿ ಇತ್ತು, ಅರ್ಥದ ಛಾಯೆ ಮಾತ್ರ ಬೇರೆ.

ತಲೆ ಕೆಲವೊಮ್ಮೆ ವೇಷ ಬದಲಿಸುತ್ತದೆ. ಇಲ್ಲ ಎನ್ನುವ ಲ್ಯಾಟಿನ್ ಇನ್, ಲೀಗಲ್‌ಗೆ ಸೇರಿದಾಗ ಇಲ್ಲೀಗಲ್, ರೆಗ್ಯುಲರ್‌ಗೆ ಸೇರಿದಾಗ ಇರ್‌ರೆಗ್ಯುಲರ್, ಪಾಸಿಬಲ್‌ಗೆ ಸೇರಿದಾಗ ಇಂಪಾಸಿಬಲ್. ಇಂಗ್ಲಿಷ್ ವ್ಯಾಕರಣ ಇದನ್ನು ಎಷ್ಟೋ ಸಾಲುಗಳಲ್ಲಿ ವಿವರಿಸುತ್ತದೆ. ನಮಗೆ ಉತ್ ಮತ್ತು ಲಾಸ ಸೇರಿ ಉಲ್ಲಾಸ, ಸತ್ ಮತ್ತು ಜನ ಸೇರಿ ಸಜ್ಜನ ಎಂದರೆ ಸಾಕು. ಸಂಧಿ ಅಲ್ಲೂ ಇದೆ. ಇದರಿಂದ ಕಾಗುಣಿತದ ಒಂದು ಹಳೆಯ ತೊಡಕೂ ಬಿಡುತ್ತದೆ. ಅಕಾಮಡೇಟ್ ಬರೆಯುವಾಗ ಎಷ್ಟು ಸಿ, ಎಷ್ಟು ಎಂ ಎಂದು ಅನುಮಾನ ಬರುತ್ತದೆಯಲ್ಲ? ಆಡ್, ಕಾಂ, ಮೋಡ್ ಎಂಬ ಮೂರು ತುಂಡುಗಳು. ಆಡ್‌ನ ಡಿ ಮುಂದಿನ ಸಿ ಆಗಿ ಬದಲಾಯಿತು, ಹಾಗಾಗಿ ಎರಡು ಸಿ. ಕಾಂನ ಎಂ ಮತ್ತು ಮೋಡ್‌ನ ಎಂ ಎರಡೂ ಉಳಿದವು, ಹಾಗಾಗಿ ಎರಡು ಎಂ.

ಇನ್ನು ಹೊಟ್ಟೆ, ಅಂದರೆ ನಡುವಿನ ಧಾತುಗಳು. ಗ್ರೀಕ್ ತುಂಡುಗಳ ನಡುವೆ ಆಗಾಗ ಒಂದು ಓ ಕಾಣಿಸುತ್ತದೆ: ಕಾರ್ಡಿ, ಓ, ಲಜಿ. ಆ ಓಗೆ ಸ್ವಂತ ಅರ್ಥವಿಲ್ಲ. ಆಗಮಸಂಧಿಯಲ್ಲಿ ಮರ ಮತ್ತು ಅನ್ನು ನಡುವೆ ವಕಾರ ಬಂದು ಮರವನ್ನು ಆಗುವ ಹಾಗೆ, ಅದು ಬೆಸುಗೆ. ಗೆರೆ ಎಳೆಯಲು ಅದಕ್ಕಿಂತ ಒಳ್ಳೆಯ ಗುರುತಿಲ್ಲ. ರೈನೋ ಎಂದರೆ ಮೂಗು, ಸೆರೋಸ್ ಎಂಬುದು ಕೊಂಬಿನ ಗ್ರೀಕ್ ಪದದಿಂದ ಬಂದದ್ದು, ಆದ್ದರಿಂದ ರೈನೋಸೆರಸ್ ಮೂಗಿನ ಮೇಲೆ ಕೊಂಬಿರುವ ಪ್ರಾಣಿ. ಇಷ್ಟು ತಿಳಿದವರು ಓಟೋರೈನೋಲಾರಿಂಗಾಲಜಿಯ ನಡುವಿನ ರೈನೋವನ್ನು ಕಂಡು ಕೈ ಹಿಡಿಯುತ್ತಾರೆ. ಓಟೋ ಕಿವಿ, ರೈನೋ ಮೂಗು, ಲಾರಿಂಗ್ ಧ್ವನಿಪೆಟ್ಟಿಗೆ. ಕಿವಿ, ಮೂಗು, ಗಂಟಲಿನ ಶಾಸ್ತ್ರ. ಹಿಪ್ಪೋ ಕುದುರೆ, ಪೊಟಮಸ್ ನದಿ. ಗ್ರೀಕರಿಗೆ ನೀರಿನಲ್ಲಿ ಕುದುರೆ ಕಂಡಿತು, ನಮ್ಮವರಿಗೆ ಆನೆ ಕಂಡಿತು, ನೀರಾನೆ ಎಂದರು.

ನಿಘಂಟುಗಳಲ್ಲಿರುವ 45 ಅಕ್ಷರಗಳ ಪದ ಈಗ ಹೆದರಿಸಲಾರದು. ನ್ಯೂಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವಾಲ್ಕೇನೊಕೋನಿಯೋಸಿಸ್. ಬಾಲದಿಂದ ಹೊರಡೋಣ. ಓಸಿಸ್ ರೋಗಸ್ಥಿತಿ, ಕೋನಿ ಧೂಳು, ವಾಲ್ಕೇನೊ ಜ್ವಾಲಾಮುಖಿ, ಸಿಲಿಕೊ ಸಿಲಿಕಾ, ಮೈಕ್ರೊಸ್ಕೋಪಿಕ್ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ, ಅಲ್ಟ್ರಾ ಅದನ್ನೂ ಮೀರಿದ, ನ್ಯೂಮೊನೊ ಶ್ವಾಸಕೋಶ. ಜ್ವಾಲಾಮುಖಿಯ ಅತಿಸೂಕ್ಷ್ಮ ಸಿಲಿಕಾ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ರೋಗ. ಇದನ್ನು 1935ರಲ್ಲಿ ಅಮೆರಿಕದ ನ್ಯಾಷನಲ್ ಪಜ್ಲರ್ಸ್ ಲೀಗ್ ಎಂಬ ಪದಬಂಧ ಪ್ರಿಯರ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್, ಉದ್ದಕ್ಕಾಗಿಯೇ ಕಟ್ಟಿದ. ವೈದ್ಯರು ಇದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ಮೊದಲ ಪಿ ಮೌನ. ಗ್ರೀಕರು ಅದನ್ನು ಉಚ್ಚರಿಸುತ್ತಿದ್ದರು, ಇಂಗ್ಲಿಷರು ಬರಹದಲ್ಲಿ ಉಳಿಸಿಕೊಂಡು ಬಾಯಲ್ಲಿ ಬಿಟ್ಟರು. ಸೈಕಾಲಜಿಯ ಪಿಯದೂ ಅದೇ ಕಥೆ.

ತುಂಡು ಮಾಡಿದ ಮೇಲೆ ಜೋಡಿಸುವ ಕ್ರಮಕ್ಕೆ ಗಮನ ಕೊಡಬೇಕು. ಇಲ್ಲಿಯೇ ಹೆಚ್ಚಿನವರು ಜಾರುತ್ತಾರೆ. 28 ಅಕ್ಷರಗಳ ಆ್ಯಂಟಿಡಿಸ್‌ಎಸ್ಟಾಬ್ಲಿಶ್‌ಮೆಂಟೇರಿಯನಿಸಂ ಪದದಲ್ಲಿ ಆ್ಯಂಟಿ, ಡಿಸ್ ಎಂಬ ಎರಡು ನಿಷೇಧಗಳಿವೆ. ಎರಡನ್ನೂ ಒಟ್ಟಿಗೆ ಅಳಿಸಿಬಿಟ್ಟರೆ ಅರ್ಥ ಕೈಕೊಡುತ್ತದೆ. ವಿಗ್ರಹವಾಕ್ಯದಂತೆ ಒಳಗಿನಿಂದ ಹೊರಗೆ ಬರಬೇಕು. ಎಸ್ಟಾಬ್ಲಿಶ್‌ಮೆಂಟ್ ಎಂದರೆ ಇಲ್ಲಿ ಚರ್ಚಿಗೆ ರಾಜ್ಯ ಕೊಟ್ಟ ಅಧಿಕೃತ ಸ್ಥಾನ. ಡಿಸ್ ಸೇರಿದಾಗ ಆ ಸ್ಥಾನವನ್ನು ಕಳೆಯುವುದು. ಏರಿಯನ್ ಸೇರಿದಾಗ ಕಳೆಯಬೇಕು ಎನ್ನುವವನು. ಆ್ಯಂಟಿ ಅವನನ್ನು ವಿರೋಧಿಸುತ್ತದೆ, ಇಸಂ ಅದನ್ನೊಂದು ವಾದವಾಗಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಇದು ಬಿಸಿ ಬಿಸಿ ರಾಜಕೀಯ. ಐರ್ಲೆಂಡಿನ ಚರ್ಚಿನ ಅಧಿಕೃತ ಸ್ಥಾನವನ್ನು ತೆಗೆಯುವ ಕಾಯ್ದೆ 1869ರಲ್ಲಿ ಗ್ಲ್ಯಾಡ್‌ಸ್ಟನ್ ಸರ್ಕಾರದ ಕಾಲದಲ್ಲಿ ಬಂದು 1871ರಲ್ಲಿ ಜಾರಿಯಾಯಿತು. ಇಂಗ್ಲೆಂಡಿನ ಚರ್ಚಿಗೆ ಹಾಗಾಗಬಾರದು ಎಂದವರ ನಿಲುವೇ ಈ ಪದ.

ಬಿಡಿಸಿದ ಕೂಡಲೇ ಅರ್ಥ ಸಿಕ್ಕಿತೆಂದು ನಂಬಬೇಡಿ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ ನಾನು ಒಂದು ದ್ರಾವಣದ ಡಬ್ಬಿಯ ಮೇಲಿನ ಬರಹವನ್ನು ಕನ್ನಡಕ್ಕೆ ಮಾಡುತ್ತಿದ್ದೆ. ಇನ್‌ಫ್ಲೇಮಬಲ್ ಎಂದಿತ್ತು. ಇನ್ ಎಂದರೆ ಇಲ್ಲ, ಫ್ಲೇಮ್ ಎಂದರೆ ಜ್ವಾಲೆ ಎಂದು ಬಿಡಿಸಿ "ಬೆಂಕಿ ಹತ್ತದ" ಎಂದು ಬರೆದು ಕಳಿಸಿದೆ. ಕರಡು ತಿದ್ದುವ ಹಿರಿಯರು ಆ ಸಾಲಿನ ಸುತ್ತ ಕೆಂಪು ಶಾಯಿಯಲ್ಲಿ ಗುಂಡಗೆ ಸುತ್ತಿ, ಪಕ್ಕದಲ್ಲಿ "ಸುಲಭವಾಗಿ ಹೊತ್ತಿಕೊಳ್ಳುವ" ಎಂದು ಬರೆದು ವಾಪಸು ಕೊಟ್ಟರು. ಅವರು ಒಂದು ಮಾತೂ ಬೈಯಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಲ್ಯಾಟಿನ್‌ನಲ್ಲಿ ಇನ್ ಎರಡಿವೆ, ಒಂದು ಇಲ್ಲ, ಇನ್ನೊಂದು ಒಳಗೆ. ಇಲ್ಲಿರುವುದು ಎರಡನೆಯದು, ಉರಿಗೆ ಒಳಗಾಗುವುದು. ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡೂ ಒಂದೇ. ಅಪಾಯದ ಫಲಕಗಳಲ್ಲಿ ಈಗ ಹೆಚ್ಚಾಗಿ ಫ್ಲೇಮಬಲ್ ಎಂದೇ ಬರೆಯುವುದು ಈ ಗೊಂದಲ ತಪ್ಪಿಸಲಿಕ್ಕೆ. ಇನ್‌ವ್ಯಾಲ್ಯುಯಬಲ್ ಇನ್ನೊಂದು. ಅಲ್ಲಿ ಇನ್ ಎಂದರೆ ಇಲ್ಲವೇ, ಆದರೆ ಬೆಲೆ ಕಟ್ಟಲಾಗದ್ದು ಎಂಬ ಅರ್ಥದಲ್ಲಿ. ಅಮೂಲ್ಯ ಎಂದಾಗ ನಾವು ಮೂಲ್ಯವಿಲ್ಲದ್ದು ಎಂದು ತಿಳಿಯುವುದಿಲ್ಲವಲ್ಲ, ಹಾಗೆ.

ಪೆಡ್ ಎಂಬ ತುಂಡೂ ಮೋಸ ಮಾಡುತ್ತದೆ. ಪೆಡೆಸ್ಟ್ರಿಯನ್, ಪೆಡಲ್ ಇವುಗಳಲ್ಲಿ ಅದು ಲ್ಯಾಟಿನ್, ನಮ್ಮ ಪಾದದ ನೆಂಟ. ಪೀಡಿಯಾಟ್ರಿಕ್ಸ್‌ನಲ್ಲಿ ಅದು ಗ್ರೀಕ್, ಮಗು ಎಂದರ್ಥ. ಹೋಮೊ ಗ್ರೀಕ್‌ನಲ್ಲಿ ಸಮ, ಲ್ಯಾಟಿನ್‌ನಲ್ಲಿ ಮನುಷ್ಯ. ಆದ್ದರಿಂದ ಪೆನ್ಸಿಲ್ಲಿನಲ್ಲಿ ಊಹಿಸಿದ ಅರ್ಥವನ್ನು ನಿಘಂಟಿನಲ್ಲಿ ಖಚಿತಪಡಿಸಿಕೊಳ್ಳಲೇಬೇಕು. ಒಳ್ಳೆಯ ನಿಘಂಟುಗಳಲ್ಲಿ ಅರ್ಥದ ಮೊದಲೋ ಕೊನೆಯೋ ಪದದ ಹುಟ್ಟಿನ ವಿವರ ಪುಟ್ಟ ಅಕ್ಷರಗಳಲ್ಲಿ ಇರುತ್ತದೆ. ಎಲ್ಲರೂ ದಾಟಿ ಹೋಗುವ ಆ ಸಾಲನ್ನು ನಾನು ಮೊದಲು ಓದುತ್ತೇನೆ.

ಕರಾರುಪತ್ರದ ಇಂಗ್ಲಿಷಿನ ಕಷ್ಟ ಬೇರೆ. ಅಲ್ಲಿ ಗ್ರೀಕ್ ಕಡಿಮೆ, ಹಳೆಯ ಇಂಗ್ಲಿಷ್ ಹೆಚ್ಚು. ದೇರಾಫ್, ದೇರ್‌ಟು, ದೇರಿನ್, ದೇರ್‌ಬೈ, ಹಿಯರಿನಾಫ್ಟರ್ ಎಂದು ಸಾಲುಗಟ್ಟಿದಾಗ ತಲೆ ತಿರುಗುತ್ತದೆ. ಇದಕ್ಕೆ ನಮ್ಮ ವಿಭಕ್ತಿಗಳೇ ಬೀಗದ ಕೈ. ದೇರ್ ಎಂದರೆ ಅದು, ಹಿಯರ್ ಎಂದರೆ ಇದು. ಹಿಂದೆ ಅಂಟಿಕೊಂಡಿರುವುದು ವಿಭಕ್ತಿ. ದೇರಾಫ್ ಅದರ, ದೇರ್‌ಟು ಅದಕ್ಕೆ, ದೇರಿನ್ ಅದರಲ್ಲಿ, ದೇರ್‌ಬೈ ಅದರಿಂದ. ಹಿಯರಿನಾಫ್ಟರ್ ಎಂದರೆ ಇದರಲ್ಲಿ ಇಲ್ಲಿಂದ ಮುಂದೆ.

ನಾಟ್‌ವಿತ್‌ಸ್ಟ್ಯಾಂಡಿಂಗ್ ಎಂಬುದನ್ನು ಬಿಡಿಸುವಾಗ ವಿತ್ ಎಂದರೆ ಜೊತೆ ಎಂದುಕೊಂಡರೆ ದಾರಿ ತಪ್ಪುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಎದುರು ಎಂಬ ಅರ್ಥವಿತ್ತು, ಎದುರಿಸಿ ನಿಲ್ಲುವುದು ಎಂಬ ವಿತ್‌ಸ್ಟ್ಯಾಂಡ್‌ನಲ್ಲಿ ಅದು ಉಳಿದಿದೆ. ಎದುರು ನಿಲ್ಲದೆ, ಅಡ್ಡಿಯಾಗದೆ. ಕನ್ನಡದ ಕಾನೂನು ಬರಹದಲ್ಲಿ "ಏನೇ ಇದ್ದರೂ" ಎನ್ನುತ್ತೇವೆ. ಸಹಿ ಮಾಡುವವರು ಒಂದು ಜೋಡಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. "ಐದನೆಯ ಖಂಡದಲ್ಲಿ ಏನೇ ಇದ್ದರೂ" ಎಂದರೆ ಐದನೆಯ ಖಂಡ ಸೋಲುತ್ತದೆ. ಸಬ್ಜೆಕ್ಟ್ ಟು, ಅಂದರೆ "ಐದನೆಯ ಖಂಡಕ್ಕೆ ಒಳಪಟ್ಟು" ಎಂದರೆ ಐದನೆಯ ಖಂಡ ಗೆಲ್ಲುತ್ತದೆ. ಹಣದ ಮಾತು ಆ ಖಂಡದಲ್ಲಿದ್ದರೆ ವ್ಯತ್ಯಾಸ ಎಷ್ಟೆಂದು ಬೇರೆ ಹೇಳಬೇಕಿಲ್ಲ. ಜಾಯಿಂಟ್ಲಿ ಆ್ಯಂಡ್ ಸೆವರಲಿ ಎಂಬಲ್ಲಿ ಸೆವರಲ್ ಎಂದರೆ ಹಲವು ಎಂದು ಓದಿ ಮುಂದೆ ಹೋಗುತ್ತಾರೆ. ಅದರ ಮೂಲಾರ್ಥ ಪ್ರತ್ಯೇಕ. ಒಟ್ಟಾಗಿಯೂ, ಪ್ರತ್ಯೇಕವಾಗಿಯೂ. ಮೂವರು ಸಹಿ ಹಾಕಿದ ಸಾಲದಲ್ಲಿ ಇಬ್ಬರು ಕೈಯೆತ್ತಿದರೆ ಪೂರ್ತಿ ಸಾಲವನ್ನು ಉಳಿದ ಒಬ್ಬರಿಂದಲೇ ಕೇಳಬಹುದು ಎಂದು ಆ ಮೂರು ಪದಗಳು ಹೇಳುತ್ತಿವೆ. ಜಾಮೀನು ನಿಲ್ಲುವ ಸ್ನೇಹಿತರಿಗೆ ನಾನು ಮೊದಲು ತೋರಿಸುವುದು ಇದೇ ಸಾಲನ್ನು.

ವಿಲ್ ಆ್ಯಂಡ್ ಟೆಸ್ಟಮೆಂಟ್, ಗೂಡ್ಸ್ ಆ್ಯಂಡ್ ಚ್ಯಾಟಲ್ಸ್ ಎಂದು ಒಂದೇ ಮಾತನ್ನು ಎರಡು ಸಲ ಹೇಳುವ ಪದಗುಚ್ಛಗಳಿಗೆ ಹೆದರಬೇಕಾಗಿಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ನ್ಯಾಯಾಲಯಕ್ಕೆ ಫ್ರೆಂಚ್, ಲ್ಯಾಟಿನ್ ಬಂದವು, ಜನರ ಬಾಯಲ್ಲಿ ಇಂಗ್ಲಿಷ್ ಉಳಿಯಿತು. ಎರಡೂ ಅಕ್ಕಪಕ್ಕ ಕುಳಿತವು. ನಮ್ಮ ಜೋಡುನುಡಿ ಆಸ್ತಿಪಾಸ್ತಿಯನ್ನು ನಾವು ಎರಡಾಗಿ ಅನುವಾದಿಸುವುದಿಲ್ಲ. ಇವನ್ನೂ ಒಂದೇ ಪದದಲ್ಲಿ ಮುಗಿಸಬಹುದು.

ಟಿಪ್ಪಣಿ ಪುಸ್ತಕ ಇಡುವವರಿಗೆ ಒಂದು ಮಾತು: ಅಕಾರಾದಿಯಾಗಿ ಬರೆಯಬೇಡಿ, ಧಾತುವಿನ ಕೆಳಗೆ ಬರೆಯಿರಿ. ನನ್ನ ಪುಸ್ತಕದಲ್ಲಿ ಟಮ್, ಅಂದರೆ ಕತ್ತರಿಸು, ಎಂಬ ತಲೆಬರಹದ ಪುಟವಿದೆ. ಅದರ ಕೆಳಗೆ ಅಪ್ಪನ ಕೋಲಿಸಿಸ್ಟೆಕ್ಟಮಿ ಇದೆ, ದೇಹವನ್ನು ಸೀಳಿ ನೋಡುವ ಅನಾಟಮಿ ಇದೆ, ಕತ್ತರಿಸಲಾಗದ್ದು ಎಂಬ ಆ್ಯಟಮ್ ಇದೆ. ಕೋಲಿ ಪುಟದಲ್ಲಿ ಮೆಲಂಕಲಿ ಇದೆ, ಮೆಲನ್ ಎಂದರೆ ಕಪ್ಪು, ಕಪ್ಪು ಪಿತ್ತ. ದುಃಖಕ್ಕೆ ಅದೇ ಕಾರಣವೆಂದು ಹಳೆಯ ಗ್ರೀಕ್ ವೈದ್ಯರು ನಂಬಿದ್ದರು. ಒಂದು ಪುಟ ತುಂಬುವಷ್ಟರಲ್ಲಿ ಹೊಸ ಪದ ತಾನಾಗಿ ತನ್ನ ಜಾಗ ಹುಡುಕಿಕೊಳ್ಳುತ್ತದೆ.

ಕೊನೆಗೆ ಬಾಯಿ. ಉದ್ದನೆಯ ಪದವನ್ನು ಹೇಳಲು ಕಲಿಯುವುದೂ ಬಾಲದಿಂದಲೇ. ರೆಸ್ಪಾನ್ಸಿಬಿಲಿಟಿ ಎಂಬುದನ್ನು ಮುಂದಿನಿಂದ ಹೇಳಿದರೆ ನಾಲಿಗೆ ನಡುವೆ ಸೋಲುತ್ತದೆ. ಟಿ ಎಂದು ಶುರು ಮಾಡಿ, ಆಮೇಲೆ ಲಿಟಿ, ಬಿಲಿಟಿ, ಸಿಬಿಲಿಟಿ, ಪಾನ್ಸಿಬಿಲಿಟಿ, ರೆಸ್ಪಾನ್ಸಿಬಿಲಿಟಿ. ಪ್ರತಿ ಸಲವೂ ಹೊಸ ತುಂಡಿನಿಂದ ಆಗಲೇ ರೂಢಿಯಾದ ತುಂಡಿಗೆ ನಡೆಯುವುದರಿಂದ ಕೊನೆ ಮುಟ್ಟುವುದು ಸುಲಭ. ಒತ್ತು ಎಲ್ಲಿ ಬೀಳಬೇಕು ಎಂಬುದನ್ನೂ ಬಾಲವೇ ಹೇಳುತ್ತದೆ: ಇಟಿ, ಶನ್, ಇಕ್ ಬಂದರೆ ಸಾಮಾನ್ಯವಾಗಿ ಅದರ ಹಿಂದಿನ ಧ್ವನಿಗೆ ಒತ್ತು ಬೀಳುತ್ತದೆ. ಹಾಗಾಗಿ ಈ ಪದದಲ್ಲಿ "ಬಿ" ಮೇಲೆ ಭಾರ ಹಾಕಬೇಕು. "ಲಿ" ಹಗುರವಾಗಿ ಹೋಗುತ್ತದೆ, ಬಾಲದ "ಟಿ" ಕೂಡ ಹಗುರವೇ.